ಸೋಫಾದಲ್ಲಿ ನನ್ನ ಮೂಲೆ

ನನ್ನ ಕುತ್ತಿಗೆಯಿಂದ ಥೈರಾಯ್ಡ್ ಗ್ರಂಥಿಯನ್ನು ತೆಗೆದು ವರ್ಷ ದಾಟಿತು. ದಿನಾ ಬೆಳಿಗ್ಗೆ ಖಾಲಿ ಹೊಟ್ಟೆಗೆ ಒಂದು ಮಾತ್ರೆ, ಸರ ಹಾಕಿದರೆ ಮುಚ್ಚಿಹೋಗುವಂಥ ಒಂದು ಗೆರೆ, ಅಷ್ಟು ಬಿಟ್ಟರೆ ಚೆನ್ನಾಗಿಯೇ ಇದ್ದೇನೆ. ಸೌದಿಯ ಅಲ್ ಖೋಬರ್‌ನಲ್ಲಿರುವ ನಮ್ಮ ಕಡೆಯ ಹೆಂಗಸರಲ್ಲಿ ಯಾರ ಕುತ್ತಿಗೆಯಲ್ಲಾದರೂ ಗಂಟು ಕಂಡರೆ ಈಗ ನನಗೆ ಫೋನ್ ಬರುತ್ತದೆ. ಆಪರೇಷನ್ ನೋಯುತ್ತದೆಯೇ, ಕೂದಲು ಉದುರುತ್ತದೆಯೇ, ದಪ್ಪ ಆಗುತ್ತೇವೆಯೇ ಎಂದು ಕೇಳುತ್ತಾರೆ. ಅದಕ್ಕೆಲ್ಲ ಡಾಕ್ಟರರ ಬಳಿ ಉತ್ತರ ಇದೆ. ಅವರ ಬಳಿ ಇಲ್ಲದ ಒಂದು ವಿಷಯವನ್ನು ಬರೆಯಲು ಕೂತಿದ್ದೇನೆ. ಕಾಯಿಲೆ ಬಂದಾಗ ನನಗೆ ಹೆದರಿಕೆಗಿಂತ ಜಾಸ್ತಿ ಆದದ್ದು ಹೊಟ್ಟೆಕಿಚ್ಚು. ನಿಮಗೂ ಆದರೆ ನಾಚಿಕೊಳ್ಳಬೇಡಿ, ನೀವು ಒಬ್ಬರೇ ಅಲ್ಲ.

ಮೊದಲು ನಮ್ಮ ಶನಿವಾರದ ಬಗ್ಗೆ ಹೇಳಬೇಕು. ನನ್ನ ಗಂಡ ವಲೇರಿಯನ್, ಎಲ್ಲರ ಬಾಯಲ್ಲೂ ವಲ್ಲಿ, ಇಲ್ಲಿನ ಒಂದು ಕಾಂಟ್ರಾಕ್ಟ್ ಕಂಪನಿಯಲ್ಲಿ ಟೆಕ್ನಿಶಿಯನ್. ಊರಲ್ಲಿದ್ದಾಗ ಅವನಿಗೆ ಕ್ರಿಕೆಟ್ ಬಿಟ್ಟು ಬೇರೆ ಆಟದ ಗಂಧ ಇರಲಿಲ್ಲ. ಅವನ ಮೇಲಧಿಕಾರಿಯಾಗಿದ್ದ ಮುದುಕ ಅಮೆರಿಕನ್ ಒಬ್ಬರು ನಿವೃತ್ತರಾಗಿ ಹೊರಡುವಾಗ ತಾವು ಓದಿದ ಕಾಲೇಜಿನ ಕೆಂಪು ಟೋಪಿಯನ್ನು ಇವನ ತಲೆಯ ಮೇಲಿಟ್ಟು, ಇನ್ನು ಶನಿವಾರ ನಮ್ಮ ಹುಡುಗರನ್ನು ನೀನು ನೋಡಿಕೋ ಎಂದರಂತೆ. ಅವರು ಸುಮ್ಮನೆ ಬಾಯಿಮಾತಿಗೆ ಹೇಳಿರಬೇಕು. ವಲ್ಲಿ ಅದನ್ನು ಹರಕೆಯ ಹಾಗೆ ಹಿಡಿದುಕೊಂಡ. ಡಿಶ್‌ನಲ್ಲಿ ಆ ಆಟ ಬರುವ ಚಾನೆಲ್ ಹಾಕಿಸಿದ. ಚಾನೆಲಿನಲ್ಲಿ ಇಲ್ಲದ ಆಟಗಳಿಗೆಂದು ಟ್ಯಾಬಿನಲ್ಲಿ ಆ್ಯಪ್ ಬೇರೆ ತಂದ. ಕಂಡರಿಯದ ಒಂದು ರಾಜ್ಯದ, ಕಾಲಿಡದ ಒಂದು ಕಾಲೇಜಿನ ಕೆಂಪಂಗಿ ಹುಡುಗರು ನಮ್ಮ ಎರಡು ಕೋಣೆಯ ಮನೆಗೆ ಹೀಗೆ ಬಂದು ಸೇರಿಕೊಂಡರು.

ಅದನ್ನು ಫುಟ್ಬಾಲ್ ಎಂದು ಯಾಕೆ ಕರೆಯುತ್ತಾರೋ ನನಗೆ ಇವತ್ತಿಗೂ ಗೊತ್ತಿಲ್ಲ. ಚೆಂಡು ಹೆಚ್ಚಾಗಿ ಕೈಯಲ್ಲೇ ಇರುತ್ತದೆ. ಒಬ್ಬ ಅದನ್ನು ಅಪ್ಪಿಕೊಂಡು ಓಡುತ್ತಾನೆ, ಹೆಲ್ಮೆಟ್ ಹಾಕಿದ ಹತ್ತು ಜನ ಅವನ ಮೇಲೆ ಬೀಳುತ್ತಾರೆ, ಸೀಟಿ ಕೂಗುತ್ತದೆ, ಎಲ್ಲರೂ ಎದ್ದು ಮೈ ಕೊಡವಿಕೊಂಡು ಮತ್ತೆ ಸಾಲಾಗಿ ನಿಲ್ಲುತ್ತಾರೆ. ಮೊದಲ ವರ್ಷ ನಾನು ಬೀನ್ಸ್ ಕತ್ತರಿಸಿಕೊಂಡು ನೋಡಿದೆ. ಎರಡನೇ ವರ್ಷ ಬೀನ್ಸ್ ಪಕ್ಕಕ್ಕಿಟ್ಟೆ. ಮೂರನೇ ವರ್ಷ ಅಂಪೈರಿಗೆ ಬೈಯಲು ಕಲಿತೆ. ಅಲ್ಲಿಯ ಮಧ್ಯಾಹ್ನದ ಆಟ ಇಲ್ಲಿ ಶನಿವಾರ ರಾತ್ರಿಯ ಇಶಾ ನಮಾಜಿನ ಬಾಂಗಿನ ಹೊತ್ತಿಗೆ ಬರುತ್ತದೆ. ಮರುದಿನ ಭಾನುವಾರ ವಲ್ಲಿಗೆ ಡ್ಯೂಟಿ, ಹಾಗಾಗಿ ವಾರದ ರಜೆ ಮುಗಿಯುವುದೇ ಆ ಆಟದಲ್ಲಿ. ನಮಗೆ ಮಕ್ಕಳಿಲ್ಲ. ಚರ್ಚಿನ ಗಂಟೆ ಇಲ್ಲದ ಊರಿನಲ್ಲಿ ಸಂಜೆಯ ತೇರ್ಸ್, ಎಂದರೆ ಜಪಮಾಲೆಯ ಪ್ರಾರ್ಥನೆಯನ್ನು, ನಾವಿಬ್ಬರೇ ಹಾಲ್‌ನಲ್ಲಿ ಮೊಣಕಾಲೂರಿ ಮುಗಿಸಿ ಎದ್ದು, ಅವನು ಸೋಫಾದ ಒಂದು ಬದಿಗೆ, ನಾನು ದೀಪದ ಪಕ್ಕದ ಮೂಲೆಗೆ ಕೂರುವುದು. ಆ ಮೂಲೆಯ ಕುಶನ್ ನನ್ನ ಭಾರಕ್ಕೆ ತಗ್ಗಿಹೋಗಿತ್ತು. ಲೋಕದಲ್ಲಿ ನನ್ನದು ಎಂದು ಧೈರ್ಯದಿಂದ ಹೇಳಬಹುದಾದ ಜಾಗ ಅದೊಂದೇ ಆಗಿತ್ತು.

ಗಂಟನ್ನು ಮೊದಲು ಕಂಡದ್ದು ನನ್ನ ತಂಗಿ ಐರಿನ್. ಅದೂ ಮಂಗಳೂರಿನಿಂದ, ವಿಡಿಯೋ ಕಾಲ್‌ನಲ್ಲಿ. ನಾವು ಮನೆಯಲ್ಲಿ ಆಡುವುದು ಕೊಂಕಣಿ, ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. ನಾನು ಮೀನಿನ ರೇಟಿನ ಬಗ್ಗೆ ಏನೋ ಹೇಳುತ್ತಿದ್ದೆ, ಅವಳು ಮಧ್ಯದಲ್ಲಿ ಬಾಯಿ ಹಾಕಿ, "ಅಕ್ಕ, ನಿನ್ನ ಕುತ್ತಿಗೆ ಎಂತ ಒಂದು ಬದಿ ದಪ್ಪ ಕಾಣ್ತದೆ?" ಎಂದಳು. ಐರಿನ್ ಹೊಲಿಗೆ ಕ್ಲಾಸ್ ನಡೆಸುವವಳು, ಕುತ್ತಿಗೆ ಅಳೆದು ಅಳೆದು ಕಣ್ಣು ಪಳಗಿದೆ. ದಿನಾ ಕನ್ನಡಿ ನೋಡುವ ನನಗೆ ಕಾಣದ್ದು, ದಿನಾ ನನ್ನನ್ನು ನೋಡುವ ಗಂಡನಿಗೆ ಕಾಣದ್ದು ಅವಳಿಗೆ ಫೋನಿನಲ್ಲಿ ಕಂಡಿತು. ನನಗಿಂತ ಹತ್ತು ವರ್ಷ ಚಿಕ್ಕವಳು. ಚಿಕ್ಕಂದಿನಿಂದ ಎಲ್ಲದರಲ್ಲೂ ಅವಳು ಮೊದಲು. ನನ್ನ ಕಾಯಿಲೆಯಲ್ಲೂ ಹಾಗೆಯೇ ಆಯಿತು.

ಇಲ್ಲಿನ ಆಸ್ಪತ್ರೆಯಲ್ಲಿ ಗಂಟಿಗೆ ಸೂಜಿ ಹಾಕಿ ಪರೀಕ್ಷೆಗೆ ನೀರು ತೆಗೆದರು. ಫಲಿತಾಂಶದ ದಿನ ಹೆಂಗಸರ ವೇಟಿಂಗ್ ರೂಮಿನಲ್ಲಿ ನನ್ನ ಪಕ್ಕ ಒಬ್ಬಳು ಈಜಿಪ್ಟಿನ ಹೆಂಗಸು ಕೂತಿದ್ದಳು. ಅವಳದೂ ಕುತ್ತಿಗೆಯೇ. ನನಗಿಂತ ಮೊದಲು ಒಳಗೆ ಹೋದಳು, ಹೊರಗೆ ಬಂದು ಬ್ಯಾಗಿನಿಂದ ಡಬ್ಬಿ ತೆಗೆದು, ಅಲ್‌ಹಮ್ದುಲಿಲ್ಲಾ ಎನ್ನುತ್ತಾ ಕೂತವರಿಗೆಲ್ಲ ಖರ್ಜೂರ ತುಂಬಿದ ಬಿಸ್ಕತ್ತು ಹಂಚಿದಳು. ಏನಿಲ್ಲ ಎಂದರೆ ಹಂಚುವುದು ಎಂದು ಮನೆಯಿಂದಲೇ ಮಾಡಿ ತಂದಿದ್ದಳೋ ಏನೋ. ನನ್ನ ಕೈಯಲ್ಲೂ ಒಂದಿಟ್ಟು, ನನ್ನ ಕೆನ್ನೆ ಮುಟ್ಟಿ ಹೋದಳು. ಬಿಸ್ಕತ್ತು ತುಂಬಾ ರುಚಿಯಾಗಿತ್ತು. ಪೂರ್ತಿ ತಿಂದೆ, ತಿನ್ನುವಷ್ಟು ಹೊತ್ತೂ ಅವಳ ಕುತ್ತಿಗೆಯನ್ನು ಶಪಿಸಿದೆ. ಆಮೇಲೆ ನನ್ನ ಹೆಸರು ಕರೆದರು.

ಡಾಕ್ಟರು ಚಿಕ್ಕ ಪ್ರಾಯದ ಸೌದಿ ಹೆಣ್ಣುಮಗಳು, ಮೆತ್ತಗೆ ಮಾತಾಡುವವರು. ಕ್ಯಾನ್ಸರ್ ಎಂದು ಹೇಳಿದ ಕೂಡಲೇ, ಬರುವುದಿದ್ದರೆ ಇದೇ ಒಳ್ಳೆಯದು, ಇದರಲ್ಲಿ ಜನ ಮುದುಕರಾಗುವ ತನಕ ಬದುಕುತ್ತಾರೆ ಎಂದರು. ಅಂದಿನಿಂದ ಎಲ್ಲರೂ ಅದನ್ನೇ ಹೇಳತೊಡಗಿದರು. ನಿನ್ನ ಪುಣ್ಯ ಎಂದರು. ದೇವರು ದೊಡ್ಡವನು ಎಂದರು. ಪುಣ್ಯ ಮಾಡಿದವಳಿಗೆ ಅಳುವ ಹಕ್ಕೂ ಇರುವುದಿಲ್ಲ. ಬೀದಿಯಲ್ಲಿ, ಮಾಲ್‌ನಲ್ಲಿ ನಾನು ಬರೀ ಕುತ್ತಿಗೆಗಳನ್ನು ನೋಡುತ್ತಾ ನಡೆಯುತ್ತಿದ್ದೆ. ಕೆಂಪಂಗಿಯ ಹುಡುಗರಿಗೆ ಕುತ್ತಿಗೆಯೇ ಇಲ್ಲ, ಭುಜದ ಮೇಲೆ ನೇರ ತಲೆ. ಅವರನ್ನು ಕಂಡರೂ ಹೊಟ್ಟೆ ಉರಿಯಿತು.

ಅಮ್ಮನಿಗೆ ಫೋನ್ ಮಾಡಿ ಹೇಳಿದೆ. ಅವಳು ಅಳಲಿಲ್ಲ. "ಐರಿನಳನ್ನು ಕಳಿಸ್ತೇನೆ. ನಿನ್ನನ್ನು ನೋಡಿಕೊಳ್ಳಲಿಕ್ಕೆ ಒಬ್ಬರು ಬೇಕಲ್ಲ" ಎಂದಳು. ಆ ಮಾತು ಕೇಳಿದ್ದೇ ನಾನು ಫೋನ್ ಇಟ್ಟುಬಿಟ್ಟೆ.

ಯಾಕೆ ಎಂದು ತಿಳಿಯಬೇಕಾದರೆ ಊರಿನ ನಮ್ಮ ಮನೆಯ ಗೋಡೆಯ ಮೇಲಿದ್ದ ಫೋಟೋದ ಬಗ್ಗೆ ಹೇಳಬೇಕು. ದೇವರ ಅಲ್ತಾರಿನ ಪಕ್ಕ, ಯಾವಾಗಲೂ ದೀಪ ಉರಿಯುವ ಜಾಗದಲ್ಲಿ, ದೊಡ್ಡಮ್ಮನ ಫೋಟೋ ಇತ್ತು. ಅಮ್ಮನ ಸ್ವಂತ ಅಕ್ಕ, ಮಾಗ್ದಲೆನಾ. ಅವಳು ನನ್ನ ಅಪ್ಪನ ಮೊದಲ ಹೆಂಡತಿ. ಮದುವೆಯಾಗಿ ಎರಡನೇ ವರ್ಷಕ್ಕೆ ಎದೆಯ ಕಾಯಿಲೆಯಾಗಿ ಮಲಗಿದಾಗ, ಅವಳನ್ನು ನೋಡಿಕೊಳ್ಳಲಿಕ್ಕೆ ಎಂದು ಮನೆಯವರು ಅಮ್ಮನನ್ನು ಕಳಿಸಿದರು. ದೊಡ್ಡಮ್ಮ ಹೋದಳು, ಅಮ್ಮ ಉಳಿದಳು. ಬಿಷಪರ ಅನುಮತಿ ತಂದು ಅಪ್ಪನಿಗೆ ಅವಳನ್ನೇ ಮದುವೆ ಮಾಡಿದರು. ನಮ್ಮಲ್ಲಿ ಇದು ನಡೆಯುವಂಥದ್ದೇ, ಮನೆಗೆ ಹೊರಗಿನ ಹೆಣ್ಣು ಬರುವುದಕ್ಕಿಂತ ಒಳ್ಳೆಯದು ಎಂದು ಜನ ಮೆಚ್ಚಿಯೇ ಮಾತಾಡುತ್ತಾರೆ. ಅಪ್ಪ ಅಮ್ಮ ಚೆನ್ನಾಗಿ ಬಾಳಿದರು. ನಾನು, ಐರಿನ್ ಹುಟ್ಟಿದ್ದೇ ಆ ಮದುವೆಯಿಂದ. ಆದರೆ ಮಂಚದ ಮೇಲೆ ಮಲಗಿ, ಅಡುಗೆಮನೆಯಲ್ಲಿ ತಂಗಿಯ ಬಳೆಯ ಸದ್ದು ಕೇಳುತ್ತಿದ್ದ ದೊಡ್ಡಮ್ಮನಿಗೆ ಏನಾಗಿತ್ತು ಎಂದು ನಮ್ಮಲ್ಲಿ ಯಾರೂ ಕೇಳಿದವರಿಲ್ಲ.

ಐರಿನ್‌ಗೆ ಮದುವೆಯಾಗಿರಲಿಲ್ಲ. ಬಂದ ಸಂಬಂಧಗಳಿಗೆ ಅವಳು, ಅವಳಿಗೆ ಬಂದ ಸಂಬಂಧಗಳು ಒಪ್ಪಿಗೆಯಾಗದೆ ವಯಸ್ಸು ದಾಟಿತ್ತು. ನೋಡಲು ಲಕ್ಷಣವಾಗಿದ್ದಾಳೆ. ವಿಸಿಟ್ ವೀಸಾ ಮಾಡಿಸಿ, ಸೆಪ್ಟೆಂಬರಿನಲ್ಲಿ ದಮ್ಮಾಮ್ ಏರ್‌ಪೋರ್ಟಿನಿಂದ ಅವಳನ್ನು ಕರೆತಂದದ್ದು ವಲ್ಲಿಯೇ. ಅವಳ ಪೆಟ್ಟಿಗೆಯ ತುಂಬ ಅಮ್ಮ ಕಟ್ಟಿಕೊಟ್ಟ ಕುಚ್ಚಲಕ್ಕಿ, ಹಪ್ಪಳ, ಒಣಸಿಗಡಿ. ಬಂದವಳೇ ನನ್ನ ಕುತ್ತಿಗೆಗೆ ಮುಖ ಒತ್ತಿ ಅತ್ತಳು. ಅತ್ತದ್ದು ನಿಜ ಎಂದು ನನಗೆ ಗೊತ್ತು. ಗೊತ್ತಿದ್ದರೂ ಅವಳ ಜಡೆ ನನ್ನದಕ್ಕಿಂತ ದಪ್ಪ ಇದೆಯಲ್ಲ ಎಂದು ಅಳೆದೆ.

ಆಪರೇಷನ್ ಸಲೀಸಾಗಿ ಆಯಿತು. ಸ್ವರ ಮಾತ್ರ ಹೋಯಿತು. ನರಕ್ಕೆ ಸ್ವಲ್ಪ ತಾಗಿದೆ, ನಿಧಾನ ಬರುತ್ತದೆ ಎಂದರು. ನನ್ನ ಬಾಯಿಂದ ಹೊರಡುತ್ತಿದ್ದದ್ದು ಹಳೇ ಬಾಗಿಲಿನ ಸದ್ದು. ಆಟಗಳ ಕಾಲ ಶುರುವಾಗಿತ್ತು. ಮೊದಲ ಶನಿವಾರ ಕುತ್ತಿಗೆಗೆ ಪಟ್ಟಿ ಹಾಕಿಕೊಂಡು ನನ್ನ ಮೂಲೆಯಲ್ಲಿ ಕೂತೆ. ಕೆಂಪಂಗಿಯವನೊಬ್ಬ ಚೆಂಡು ಹಿಡಿದು ಗೆರೆ ದಾಟಿದ. ನಾನು ಬಾಯಿ ತೆರೆದೆ, ಗಾಳಿ ಬಂತು. ಐರಿನ್ ನೆಲದ ಮೇಲೆ ಚಾಪೆ ಹಾಸಿ ಕೂತಿದ್ದಳು. ಊರಿನ ಚರ್ಚಿನ ಕೊಯಿರ್‌ನಲ್ಲಿ ಹಾಡುವವಳು, ಗಂಟಲಿಗೆ ಕೇಳಬೇಕೇ. ಆಟ ಅರ್ಥವಾಗದಿದ್ದರೂ ವಲ್ಲಿ ಹಾರಿದ್ದನ್ನು ನೋಡಿ ಬೊಬ್ಬೆ ಹಾಕಿದಳು, ಕಿಟಕಿಯ ಗಾಜು ನಡುಗಿತು. ವಲ್ಲಿ ನಕ್ಕ. ನಾನು ಗೆಲುವಿಗೆ ಬೊಬ್ಬೆ ಹಾಕಿದಾಗ ಅವನು ನಗುತ್ತಿದ್ದ ಅದೇ ನಗು.

ನೆಲದಿಂದ ಎದ್ದು ಸೋಫಾದ ಮೇಲೆ ಕೂರು ಎಂದು ವಲ್ಲಿ ಎಷ್ಟು ಸಲ ಹೇಳಿದರೂ, ನನಗೆ ನೆಲವೇ ಆಗ್ತದೆ ಬಾವ, ಹೊಲಿಯುವವರ ಬೆನ್ನಿಗೆ ಒಳ್ಳೆಯದು ಎನ್ನುತ್ತಿದ್ದಳು. ಅದನ್ನೂ ನಾನು ನಂಬಲಿಲ್ಲ. ನಾನು ಎದುರಿಗೆ ಇರುವಾಗ ನೆಲ, ಇಲ್ಲದಿದ್ದಾಗ ಎಲ್ಲಿ ಎಂದು ಮನಸ್ಸಿನಲ್ಲೇ ಕೇಳಿಕೊಂಡೆ.

ಹಾಲ್‌ನಿಂದ ನಾನು ಬೇಗನೆ ಹೊರಬಿದ್ದೆ. ಗ್ರಂಥಿ ತೆಗೆದ ಮೇಲೆ ಉಳಿದದ್ದನ್ನು ಸುಡಲು ರೇಡಿಯೋ ಅಯೋಡಿನ್ ಎಂಬ ಮದ್ದು ತೆಗೆದುಕೊಳ್ಳಬೇಕು. ಅದು ಹತ್ತಬೇಕಾದರೆ ಮೈ ಅಯೋಡಿನ್‌ಗೆ ಹಸಿದಿರಬೇಕು. ಅದಕ್ಕಾಗಿ ಗ್ರಂಥಿಯ ಬದಲಿಗೆ ಕೊಡುವ ದಿನದ ಮಾತ್ರೆಯನ್ನು ಶುರು ಮಾಡುವುದಿಲ್ಲ, ಊಟದಲ್ಲೂ ಪಥ್ಯ. ವಾರ ಕಳೆದಂತೆ ನಾನು ಊದಿಕೊಂಡೆ, ಮೆಟ್ಟಿಲು ಹತ್ತಲಾರದೆ ನಿಂತೆ, ಖೋಬರಿನ ಆ ಸೆಕೆಯಲ್ಲೂ ಕಂಬಳಿ ಹೊದ್ದು ನಡುಗಿದೆ. ಒಂದು ವಾಕ್ಯ ಶುರು ಮಾಡಿದರೆ ಮುಗಿಸುವ ಹೊತ್ತಿಗೆ ಎದುರಿಗಿದ್ದವರು ಬೇರೆ ವಿಷಯಕ್ಕೆ ಹೋಗಿರುತ್ತಿದ್ದರು. ಹಾಲ್‌ನ ಬೆಳಕು, ಸದ್ದು ತಲೆಗೆ ಹೊಡೆಯುತ್ತಿತ್ತು. ವಲ್ಲಿ ಟ್ಯಾಬನ್ನು ನನ್ನ ಮಂಚದ ಮೇಲೆ ದಿಂಬಿಗೆ ಒರಗಿಸಿ, ಸೌಂಡ್ ಸಣ್ಣ ಮಾಡಿ, ನೀನು ಇಲ್ಲಿಂದ ನೋಡು, ನಾವು ಅಲ್ಲಿಂದ ನೋಡುತ್ತೇವೆ, ಒಂದೇ ಆಟ ತಾನೇ ಎಂದ.

ಒಂದೇ ಆಟ ಅಲ್ಲ. ಆ್ಯಪ್‌ನಲ್ಲಿ ಬರುವ ಆಟ ಡಿಶ್‌ನಲ್ಲಿ ಬರುವುದಕ್ಕಿಂತ ಸುಮಾರು ಒಂದು ನಿಮಿಷ ಹಿಂದೆ ಇರುತ್ತದೆ. ನನ್ನ ಟ್ಯಾಬಿನಲ್ಲಿ ಹುಡುಗರು ಇನ್ನೂ ಸಾಲು ಕಟ್ಟಿ ಬಗ್ಗುತ್ತಿರುವಾಗಲೇ ಗೋಡೆಯಾಚೆ ಐರಿನ್ ಬೊಬ್ಬೆ ಹಾಕುವಳು. ಆಯಿತು, ಗೆದ್ದರು ಎಂದು ನನಗೆ ತಿಳಿಯುವುದು. ಆಮೇಲೆ ಅವರು ಓಡಿದರೇನು, ಬಿದ್ದರೇನು. ಅಯ್ಯೋ ಎಂದು ಇಬ್ಬರೂ ಒಟ್ಟಿಗೆ ಎಂದರೆ ಚೆಂಡು ಕೈತಪ್ಪುತ್ತದೆ ಎಂದು ಅರ್ಥ, ತಪ್ಪುವುದನ್ನು ನಾನು ಕಾದು ನೋಡಬೇಕು. ನನ್ನ ಪಾಲಿನ ಸಂತೋಷವನ್ನು ಅವಳು ಮೊದಲು ಉಂಡು, ಎಂಜಲನ್ನು ನನ್ನ ಕೋಣೆಗೆ ಕಳಿಸುತ್ತಿದ್ದಳು. ಮೂರು ವರ್ಷ ತೆಗೆದುಕೊಂಡು ನಾನು ಕಲಿತ ಆಟವನ್ನು ಅವಳು ಒಂದು ತಿಂಗಳಲ್ಲಿ ಕಲಿತಳು. "ಬಾವ, ಅದು ಫೌಲ್ ಅಲ್ವಾ? ಹಿಂದಿನಿಂದ ಹಿಡಿದ ನೋಡಿ" ಎನ್ನುವುದು ಕೇಳಿತು. ಹೌದು, ಫೌಲ್ ಆಗಿತ್ತು. ನನ್ನ ಟ್ಯಾಬಿನಲ್ಲಿ ಅದು ಇನ್ನೂ ಬಂದಿರಲಿಲ್ಲ.

ಮಲಗಿದ್ದಲ್ಲಿಂದ ನಾನು ಸೋಫಾವನ್ನು ಕಿವಿಯಲ್ಲೇ ನೋಡಲು ಕಲಿತೆ. ಅದು ಕಿರುಗುಟ್ಟಿದರೆ ಯಾರು ಕೂತರು ಎಂದು ಲೆಕ್ಕ ಹಾಕುತ್ತಿದ್ದೆ. ನನ್ನ ಮೂಲೆಯಲ್ಲಿ, ನನ್ನ ತಗ್ಗಿನಲ್ಲಿ, ಕಾಲು ಮಡಚಿ ಕೂತ ಐರಿನ್ ನನಗೆ ಸ್ಪಷ್ಟವಾಗಿ ಕಾಣುತ್ತಿದ್ದಳು. ಮೈಯೆಲ್ಲ ತಣ್ಣಗಿದ್ದ ಆ ದಿನಗಳಲ್ಲಿ ಬಿಸಿಯಾಗಿದ್ದದ್ದು ಅದೊಂದೇ ಯೋಚನೆ. ನಾನು ಸತ್ತರೆ ಯಾರೂ ಹೊಸದಾಗಿ ಏನೂ ಮಾಡಬೇಕಾಗಿಲ್ಲ. ಅಡುಗೆಮನೆಯಲ್ಲಿ ಡಬ್ಬಿಗಳು ಎಲ್ಲಿವೆ ಎಂದು ಅವಳಿಗೆ ಗೊತ್ತಾಗಿದೆ, ವಲ್ಲಿಯ ಚಹಾಕ್ಕೆ ಸಕ್ಕರೆ ಎಷ್ಟು ಎಂದು ಗೊತ್ತಾಗಿದೆ, ಈಗ ಆಟವೂ ಗೊತ್ತಾಗಿದೆ. ನನ್ನ ಫೋಟೋ ಒಂದು ಗೋಡೆಗೆ ಹೊಡೆದರೆ ಸಾಕು.

ಪಥ್ಯದಲ್ಲಿ ಮೀನು ಇಲ್ಲ, ಹಾಲು ಇಲ್ಲ, ಅಂಗಡಿಯ ಉಪ್ಪು ಇಲ್ಲ. ಕರಾವಳಿಯವರಿಗೆ ಹೀಗೆ ಹೇಳಿದರೆ ಉಳಿಯುವುದು ನೀರು ಮತ್ತು ಗಾಳಿ. ಐರಿನ್ ಪಾಪ, ಗಂಜಿ, ಪಲ್ಯ, ತೊವ್ವೆ ಎಂದು ಏನೇನೋ ಮಾಡಿ ಹಾಕುತ್ತಿದ್ದಳು. ಒಂದೂ ಬಾಯಿಗೆ ಹತ್ತುತ್ತಿರಲಿಲ್ಲ. ಚಟ್ನಿ ಒಂದು ಬಿಟ್ಟು. ಮದ್ದು ಕೊಡುವ ಮೊದಲಿನ ತಪಾಸಣೆಗೆ ಹೋದ ದಿನ ಅಲ್ಲಿಯ ಮಲಯಾಳಿ ನರ್ಸ್ ಊಟ ಸೇರುತ್ತದೆಯೇ ಎಂದು ಕೇಳಿದಾಗ, ಚಟ್ನಿ ಇದ್ದರೆ ಗಂಜಿ ಇಳಿಯುತ್ತದೆ ಎಂದೆ. ಅವಳು ಪೆನ್ನು ಕೆಳಗಿಟ್ಟಳು. ಅವಳೂ ಸಮುದ್ರದ ಬದಿಯವಳು. ಚಟ್ನಿಗೆ ಒಣಸಿಗಡಿ ಹಾಕುತ್ತೀರಾ ಎಂದು ಕೇಳಿದಳು.

ಹಾಕುತ್ತಿದ್ದೆವು. ದಿನಾ. ಹುರಿದು ಪುಡಿ ಮಾಡಿದ ಒಂದು ಚಿಟಿಕೆ. ಅದು ಮೀನು ಎಂದು ಐರಿನ್‌ಗೂ ಹೊಳೆಯಲಿಲ್ಲ, ಚಪ್ಪರಿಸಿಕೊಂಡು ತಿಂದ ನನಗೂ ಹೊಳೆಯಲಿಲ್ಲ. ನಮ್ಮ ಲೆಕ್ಕದಲ್ಲಿ ಮೀನು ಎಂದರೆ ಬಂಗುಡೆ, ಅಂಜಲ್, ಮುಳ್ಳು ಇರುವಂಥದ್ದು. ಒಣಸಿಗಡಿ ಎಂದರೆ ಸಾಸಿವೆ, ಇಂಗಿನ ಹಾಗೆ ಒಗ್ಗರಣೆ ಸಾಮಾನು. ಡಾಕ್ಟರು ಬೈಯಲಿಲ್ಲ. ಮೂತ್ರ ಪರೀಕ್ಷೆ ಮಾಡಿಸಿ, ಮೈಯಲ್ಲಿ ಅಯೋಡಿನ್ ತುಂಬಿದೆ, ಈಗ ಕೊಟ್ಟರೆ ಮದ್ದು ದಂಡ, ಪಥ್ಯ ಮೊದಲಿನಿಂದ ಶುರು ಮಾಡಿ ಎಂದರು. ಮುಗಿಯಿತು ಎಂದುಕೊಂಡಿದ್ದ ಆ ಚಳಿ, ಆ ಊತ, ಆ ನಿಧಾನ ಇನ್ನೂ ಕೆಲವು ವಾರ ಮುಂದುವರಿಯಿತು.

ಮನೆಗೆ ಬಂದಾಗ ಐರಿನ್ ಬಾಗಿಲು ತೆರೆದಳು. ವಿಷಯ ಕೇಳಿ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ವಾರಗಟ್ಟಲೆ ಒಳಗೇ ಕುದಿಸಿದ್ದು ಆ ಹರಕು ಸ್ವರದಲ್ಲಿ ಹೊರಗೆ ಬಂತು.

"ನಾನು ಬೇಗ ಹೋಗಲಿ ಅಂತ ಹಾಕಿದ್ದಾ? ಅಮ್ಮ ಇದಕ್ಕೇ ಕಳಿಸಿದ್ದಾ ನಿನ್ನನ್ನು?"

"ಹಿಲ್ಡಾ, ಸಾಕು" ಎಂದು ವಲ್ಲಿ ನನ್ನನ್ನು ತಡೆದ. ನನಗೆ ಸಾಕಾಗಲಿಲ್ಲ.

"ಆಟ ಕೂಡ ನನಗೆ ಬಿಡ್ಲಿಲ್ಲ ನೀನು. ನಿನ್ನ ಬೊಬ್ಬೆ ಮೊದಲು ಬರ್ತದೆ, ಆಟ ಮತ್ತೆ ಬರ್ತದೆ. ಎಲ್ಲ ನಿನಗೇ ಮೊದಲು ಸಿಗ್ಬೇಕು."

ಅವಳು ಅಡುಗೆಮನೆಗೆ ಹೋಗಿ, ಒಣಸಿಗಡಿಯ ಡಬ್ಬಿಯನ್ನು ಕಸದ ಬುಟ್ಟಿಗೆ ಹಾಕಿ, ಚಟ್ನಿಯ ಮಿಕ್ಸಿಯನ್ನು ಎರಡು ಸಲ ತೊಳೆದಳು. ಮರುದಿನದಿಂದ ಊಟ ಹೊತ್ತಿಗೆ ಸರಿಯಾಗಿ ಬಂತು, ಚಟ್ನಿ ಬರಲಿಲ್ಲ. ನಾವು ಮೂವರೂ ಒಬ್ಬರಿಗೊಬ್ಬರು ಬೇಕಾದಷ್ಟೇ ಮಾತಾಡಿಕೊಂಡು ದಿನ ನೂಕಿದೆವು. ನಾನು ಹೇಳಿದ್ದನ್ನು ಹಿಂದೆ ತೆಗೆದುಕೊಳ್ಳಲಿಲ್ಲ.

ಕೊನೆಗೂ ನವೆಂಬರಿನಲ್ಲಿ ಮದ್ದು ಕೊಟ್ಟರು. ದಪ್ಪ ಗೋಡೆಯ ಕೋಣೆ, ಬಾಗಿಲಿನವರೆಗೆ ಬಂದು ಹೋಗುವ ಊಟದ ತಟ್ಟೆ. ಕ್ಯಾಪ್ಸೂಲನ್ನು ಸೀಸದ ಡಬ್ಬಿಯಲ್ಲಿ ತಂದವನು ನಾನು ನುಂಗಿದ ಕೂಡಲೇ ಹಿಂದೆ ಸರಿದು ನಿಂತ. ಆ ಕ್ಷಣದಿಂದ ನನ್ನ ಮೈಯೇ ಬೇರೆಯವರಿಗೆ ಅಪಾಯ. ಮಲಯಾಳಿ ನರ್ಸ್ ಬಾಗಿಲಾಚೆಯಿಂದಲೇ ಒಂದು ಪ್ಯಾಕೆಟ್ ಲಿಂಬೆ ಪೆಪ್ಪರ್‌ಮಿಂಟ್ ನನ್ನ ಕಡೆಗೆ ಜಾರಿಸಿ, ಚೀಪುತ್ತಾ ಇರಿ ಚೇಚಿ, ಬಾಯಿ ಒಣಗಬಾರದು ಎಂದಳು. ಯಾರೂ ಮುಟ್ಟದ ಆ ದಿನಗಳಲ್ಲಿ ನನ್ನನ್ನು ಅಕ್ಕ ಎಂದು ಕರೆದದ್ದು ಅವಳೊಬ್ಬಳೇ. ಅದನ್ನು ನೆನೆದರೆ ಈಗಲೂ ಬಾಯಲ್ಲಿ ಲಿಂಬೆಯ ಹುಳಿ ಬರುತ್ತದೆ.

ಮನೆಗೆ ಕಳಿಸಿದ ಮೇಲೂ ಕೆಲವು ದಿನ ಯಾರ ಹತ್ತಿರವೂ ಹೋಗುವ ಹಾಗಿಲ್ಲ. ನನ್ನ ಕೋಣೆ, ನನ್ನ ತಟ್ಟೆ, ನನ್ನ ಬಚ್ಚಲು. ಆ ಶನಿವಾರ ಕೆಂಪಂಗಿಯವರಿಗೆ ವರ್ಷದ ದೊಡ್ಡ ಆಟ, ಪಕ್ಕದ ರಾಜ್ಯದ ಹಳೇ ವೈರಿಗಳೊಂದಿಗೆ. ವಲ್ಲಿ ಬಾಗಿಲಿನ ಹತ್ತಿರ ನಿಂತು, ಟ್ಯಾಬ್ ಚಾರ್ಜ್ ಇದೆಯಾ ಎಂದು ಕೇಳಿ, ಬಾಗಿಲು ಎಳೆದುಕೊಂಡು ಹೋದ. ಆಟ ಶುರುವಾಯಿತು. ನಾನು ಕಿವಿಯನ್ನು ಗೋಡೆಗೆ ಕೊಟ್ಟು, ಕಣ್ಣನ್ನು ಟ್ಯಾಬಿಗೆ ಕೊಟ್ಟು ಕೂತೆ. ಗೋಡೆಯಾಚೆಯಿಂದ ಏನೂ ಬರಲಿಲ್ಲ.

ವೈರಿಗಳು ಒಂದು ಸಲ ಗೆರೆ ದಾಟಿದರು. ಹಾಲ್‌ನಲ್ಲಿ ಸದ್ದಿಲ್ಲ. ನಮ್ಮವರು ಒಂದು ಸಲ ದಾಟಿದರು. ಸದ್ದಿಲ್ಲ. ಟಿವಿಯ ಧ್ವನಿಯೂ ಇಲ್ಲ, ಸೋಫಾ ಕಿರುಗುಟ್ಟಿದ್ದೂ ಇಲ್ಲ. ಬೊಬ್ಬೆ ಹಾಕಿದಾಗ ಉರಿದದ್ದಕ್ಕಿಂತ ನೂರು ಪಾಲು ಈಗ ಉರಿಯಿತು. ಆಟದ ಮೇಲೆ ಆಸೆ ಇಲ್ಲದಷ್ಟು ಬೇರೆ ಏನು ನಡೆಯುತ್ತಿದೆ ಅಲ್ಲಿ ಎಂದುಕೊಂಡೆ. ಕೈ ಕೈ ಹಿಡಿದು ಕೂತಿದ್ದಾರೆ ಎಂದುಕೊಂಡೆ. ಅವಳು ನನ್ನ ಮೂಲೆಯಲ್ಲಿ, ಅವನು ಅವಳ ಪಕ್ಕದಲ್ಲಿ, ದೊಡ್ಡಮ್ಮನ ಮನೆಯಲ್ಲಿ ಆದ ಹಾಗೆಯೇ ಸದ್ದಿಲ್ಲದೆ ಎಲ್ಲ ತೀರ್ಮಾನ ಆಗಿಬಿಟ್ಟಿದೆ ಎಂದುಕೊಂಡೆ. ಆಟ ಕೊನೆಯ ನಿಮಿಷಗಳಿಗೆ ಬಂದಿತ್ತು, ನಮ್ಮವರು ಹಿಂದೆ ಇದ್ದರು. ತಡೆಯಲಾಗಲಿಲ್ಲ. ಎದ್ದು ಗೋಡೆ ಹಿಡಿದುಕೊಂಡು ಹೋಗಿ ಬಾಗಿಲು ತೆರೆದೆ.

ಟಿವಿಯಲ್ಲಿ ಕೆಂಪಂಗಿಯ ಹುಡುಗರು ಒಬ್ಬರ ಮೇಲೊಬ್ಬರು ಬಿದ್ದು ಕುಣಿಯುತ್ತಿದ್ದರು. ಧ್ವನಿ ಪೂರ್ತಿ ತೆಗೆದಿದ್ದರು. ವಲ್ಲಿ ಸೋಫಾದಿಂದ ಎದ್ದು, ಕೆಂಪು ಟೋಪಿ ಹಾಕಿಕೊಂಡು, ಎರಡೂ ಮುಷ್ಟಿ ಮೇಲೆತ್ತಿ, ಬಾಯಿ ಅಗಲಿಸಿ ಹಾರುತ್ತಿದ್ದ. ಸ್ವರ ಹೊರಡುತ್ತಿರಲಿಲ್ಲ. ಕಾಲಿನ ಸದ್ದಾಗಬಾರದೆಂದು ಕೆಳಗೆ ಕಂಬಳಿ ಹಾಸಿಕೊಂಡಿದ್ದ. ಐರಿನ್ ನೆಲದ ಚಾಪೆಯ ಮೇಲೆಯೇ ಇದ್ದಳು, ಮುಖವನ್ನು ಒಂದು ದಿಂಬಿಗೆ ಒತ್ತಿ ಹಿಡಿದು, ಭುಜ ಕುಲುಕಿಸುತ್ತಾ. ಸೋಫಾದ ದೀಪದ ಮೂಲೆ ಖಾಲಿ. ಅಲ್ಲಿ ನನ್ನ ಶಾಲು ಮಡಚಿ ಇಟ್ಟದ್ದು ಹಾಗೆಯೇ ಇತ್ತು.

ವಲ್ಲಿ ನನ್ನನ್ನು ನೋಡಿದ. ಸಿಕ್ಕಿಬಿದ್ದ ಕಳ್ಳನ ಹಾಗೆ ಕೈ ಕೆಳಗಿಳಿಸಿದ.

"ಒಳಗೆ ಹೋಗು ಮಾರಾಯ್ತಿ," ಎಂದು ಪಿಸುಗುಟ್ಟಿದ, "ನಿನ್ನದ್ದು ಇನ್ನೂ ಬರ್ಲಿಲ್ಲ."

ನಾನು ಬಾಗಿಲು ಮುಚ್ಚಿಕೊಂಡು ಓಡಿದೆ. ಓಡಿದೆ ಎಂದರೆ ಆಗ ನನ್ನಿಂದಾಗುವಷ್ಟು. ಟ್ಯಾಬಿನಲ್ಲಿ ನಮ್ಮವರು ಇನ್ನೂ ಸಾಲು ಕಟ್ಟಿ ಬಗ್ಗಿದ್ದರು. ಎಲ್ಲರೂ ಸೋತ ಮುಖ ಮಾಡಿಕೊಂಡಿದ್ದರು. ಏನಾಗುತ್ತದೆ ಎಂದು ನನಗೊಬ್ಬಳಿಗೆ ಗೊತ್ತಿತ್ತು, ಆದರೂ ಟ್ಯಾಬನ್ನು ಎರಡೂ ಕೈಯಲ್ಲಿ ಹಿಡಿದು ಕೂತೆ. ಚೆಂಡು ಮೇಲೆ ಹೋಯಿತು, ಒಬ್ಬ ಹಿಂದಕ್ಕೆ ಓಡಿ ಓಡಿ ಹಿಡಿದ, ಗೆರೆಯ ಆಚೆ ಬಿದ್ದ. ನಾನು ಬಾಯಿ ತೆರೆದೆ. ಹಳೇ ಬಾಗಿಲು ಕಿತ್ತುಹೋದಂಥ ಒಂದು ಸದ್ದು ಹೊರಟಿತು. ಅದು ಕೇಳಿದ್ದೇ ತಡ ಗೋಡೆಯಾಚೆಯಿಂದ ಇಬ್ಬರೂ ಬೊಬ್ಬೆ ಹಾಕಿದರು, ಮೂರು ತಾಸು ಕಟ್ಟಿಟ್ಟ ಬೊಬ್ಬೆ. ಕೆಳಗಿನ ಮನೆಯ ಪಾಕಿಸ್ತಾನಿಯವರು ಏನಾಯಿತು ಎಂದು ಕೇಳಲು ಮೇಲೆ ಬಂದರು. ನಾನು ಮಂಚದ ಮೇಲೆ ಕೂತು ಅತ್ತೆ.

ಹೊಟ್ಟೆಕಿಚ್ಚು ಅಲ್ಲಿಗೆ ಆರಿತು ಎಂದು ಬರೆದರೆ ಓದಲು ಚೆನ್ನಾಗಿರುತ್ತದೆ, ಆದರೆ ಸುಳ್ಳಾಗುತ್ತದೆ. ಮಾತ್ರೆ ಶುರುವಾಯಿತು, ಸ್ಕ್ಯಾನ್‌ನಲ್ಲಿ ಬೇರೆಲ್ಲೂ ಹರಡಿಲ್ಲ ಎಂದು ಬಂತು, ಊತ ಇಳಿಯಿತು. ಡಾಕ್ಟರ ಬಾಯಿಂದ ಒಳ್ಳೆಯ ಸುದ್ದಿ ಕೇಳಿ ಹೊರಗೆ ಬಂದಾಗ ವೇಟಿಂಗ್ ರೂಮಿನಲ್ಲಿ ಒಬ್ಬಳು ಹುಡುಗಿ ನನ್ನ ಮುಖವನ್ನೇ ನೋಡುತ್ತಿದ್ದಳು. ಆ ನೋಟ ನನಗೆ ಚೆನ್ನಾಗಿ ಗೊತ್ತಿತ್ತು. ಕೈಯಲ್ಲಿ ಹಂಚಲು ಏನೂ ಇರಲಿಲ್ಲ, ಬ್ಯಾಗಿನಲ್ಲಿ ಉಳಿದಿದ್ದ ಒಂದು ಲಿಂಬೆ ಪೆಪ್ಪರ್‌ಮಿಂಟ್ ಕೊಟ್ಟೆ. ಬೇಕಾದರೆ ಶಪಿಸಿಕೊಳ್ಳಲಿ ಎಂದುಕೊಂಡು ಹೊರಟೆ.

ಡಿಸೆಂಬರಿನಲ್ಲಿ ಐರಿನಳ ವೀಸಾ ಮುಗಿಯುತ್ತಾ ಬಂತು. ಅವಳು ಹೊರಡುವ ಮೊದಲಿನ ಶನಿವಾರ ಮೂವರೂ ತೇರ್ಸ್ ಮುಗಿಸಿ ಎದ್ದೆವು. ನಾನು ನನ್ನ ಮೂಲೆಗೆ ಬಂದು ಕೂತೆ, ಪಕ್ಕದಲ್ಲಿ ಜಾಗ ಮಾಡಿ ಅವಳಿಗೆ ಮೇಲೆ ಬಾ ಎಂದೆ. ಅವಳು ಎಂದಿನಂತೆ ಚಾಪೆ ಹಾಸಿದಳು. ಬೆನ್ನಿನ ಕಥೆ ನನಗೆ ಹೇಳಬೇಡ, ಯಾಕೆ ಎಂದು ಹೇಳು ಎಂದೆ. ಅವಳು ಚಾಪೆಯ ಅಂಚು ಸರಿ ಮಾಡಿದಳು. ವಲ್ಲಿ ಚಹಾ ತರಲು ಒಳಗೆ ಹೋಗಿದ್ದ.

"ನಾನು ಹೊರಡುವಾಗ ಅಮ್ಮ ಒಂದೇ ಮಾತು ಹೇಳಿದ್ದು ಅಕ್ಕ," ಎಂದಳು. "'ಅಡುಗೆ ಮಾಡು, ಬಟ್ಟೆ ಒಗೆ, ಎಂತ ಬೇಕಾದರೂ ಮಾಡು. ಅವಳು ಕೂತುಕೊಳ್ಳುವ ಜಾಗದಲ್ಲಿ ಮಾತ್ರ ಕೂತುಕೊಳ್ಳಬೇಡ. ನಾನು ನನ್ನ ಅಕ್ಕನ ಕುರ್ಚಿಯಲ್ಲಿ ಕೂತಿದ್ದೆ, ಅವಳು ಮಂಚದಿಂದ ನೋಡ್ತಾ ಇದ್ದಳು. ಮತ್ತೆ ನನಗೆ ಏಳ್ಲಿಕ್ಕೆ ಆಗ್ಲಿಲ್ಲ' ಅಂತ."

ಟಿವಿಯಲ್ಲಿ ಕಾಲೇಜಿನ ಬ್ಯಾಂಡ್ ಮೈದಾನಕ್ಕೆ ಬರುತ್ತಿತ್ತು. ಐರಿನಳ ಜಡೆ ಇನ್ನೂ ನನ್ನದಕ್ಕಿಂತ ದಪ್ಪವೇ ಇತ್ತು, ಅದನ್ನು ನೋಡಿ ಆಗಲೂ ಒಂದಿಷ್ಟು ಉರಿಯಿತು. ನಾನು ಮೂಲೆಯಿಂದ ಎದ್ದು, ಶಾಲು ಎಳೆದುಕೊಂಡು, ಕೆಳಗೆ ಚಾಪೆಯ ಮೇಲೆ ಅವಳಿಗೆ ತಾಗಿ ಕೂತೆ. ಸ್ವಲ್ಪ ಸರಿ ಎಂದೆ. ಅವಳು ಸರಿದಳು.

ವಲ್ಲಿ ಚಹಾದ ತಟ್ಟೆ ಹಿಡಿದುಕೊಂಡು ಬಂದು ನಿಂತ. ಖಾಲಿ ಸೋಫಾ ನೋಡಿದ, ನಮ್ಮಿಬ್ಬರನ್ನು ನೋಡಿದ.

"ಎಂತ ಇದು? ನಾನೊಬ್ಬನೇ ಮೇಲೆ ಕೂತು ಎಂತ ಮಾಡ್ಲಿ?" ಎಂದ.

ಆಟ ಶುರುವಾಯಿತು, ಸುಮ್ಮನೆ ಕೂತುಕೋ ಎಂದೆ.